ಬಾಗಿಲು ತಟ್ಟಿದ ಪ್ರಶ್ನೆಗೆ ಉತ್ತರಿಸುವವರು ಯಾರು?

ಮುಂಬಯಿಯ ಹೌಸಿಂಗ್ ಸೊಸೈಟಿಗಳ ಗೇಟಿನಲ್ಲಿ ಆಗಾಗ ಕಾಣಸಿಗುವ ದೃಶ್ಯವಿದು. ಕೊರಳಲ್ಲಿ ಗುರುತು ಚೀಟಿ, ಹೆಗಲಿಗೆ ಚೀಲ, ಕೈಯಲ್ಲೊಂದು ಪುಟ್ಟ ಕಂಪ್ಯೂಟರ್ ಹಿಡಿದ ಇಬ್ಬರು ಹೆಣ್ಣುಮಕ್ಕಳು ಬಿಸಿಲಿನಲ್ಲಿ ನಿಂತಿರುತ್ತಾರೆ. ವಾಚ್‌ಮ್ಯಾನ್ ರಿಜಿಸ್ಟರ್ ಮುಂದೆ ಹಿಡಿದು, ಯಾವ ಮನೆಗೆ, ಏನು ಕೆಲಸ ಎಂದು ವಿಚಾರಿಸಿ ಇಂಟರ್‌ಕಾಮ್ ಒತ್ತುತ್ತಾನೆ. ಮೇಲಿನಿಂದ ಬರುವ ಉತ್ತರ ಒಂದೇ. "ಏನೂ ಬೇಡವೆಂದು ಹೇಳಿ ಕಳಿಸು."

ಬಂದವರು ಏನನ್ನೂ ಮಾರಲು ಬಂದವರಲ್ಲ. ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆಯಿದೆ, ಹೆರಿಗೆ ಎಲ್ಲಿ ಆಯಿತು, ಕಾಯಿಲೆ ಬಿದ್ದರೆ ಸರಕಾರಿ ಆಸ್ಪತ್ರೆಗೆ ಹೋಗುತ್ತೀರಾ, ಹೋಗದಿದ್ದರೆ ಯಾಕೆ, ಹೆಂಗಸರ ಕೈಯಲ್ಲಿ ಸ್ವಂತ ಮೊಬೈಲ್ ಇದೆಯೇ ಎಂದು ಕೇಳಿ ಬರೆದುಕೊಳ್ಳಲು ಬಂದವರು. ಅವರೇ ಪಕ್ಕದ ಚಾಳಿಗೆ ಹೋದರೆ ಕೂರಲು ಸ್ಟೂಲ್, ಕುಡಿಯಲು ನೀರು ಸಿಗುತ್ತದೆ. ಉತ್ತರವೂ ಸಿಗುತ್ತದೆ. ಎತ್ತರದ ಕಟ್ಟಡದಲ್ಲಿ ಮಾತ್ರ ಬಾಗಿಲು ತೆರೆಯುವುದಿಲ್ಲ. ಮುಂದೆ ಅಂಕಿ ಅಂಶಗಳು ಪತ್ರಿಕೆಯಲ್ಲಿ ಪ್ರಕಟವಾದಾಗ, "ಇದೆಲ್ಲ ಸುಳ್ಳು ಲೆಕ್ಕ, ನಮ್ಮನ್ನು ಯಾರು ಕೇಳಿದ್ದಾರೆ?" ಎಂದು ಮೊದಲು ಆಕ್ಷೇಪಿಸುವವರೂ ಅದೇ ಕಟ್ಟಡದವರೇ ಆಗಿರುತ್ತಾರೆ!

ಆರೋಗ್ಯ ಸೇವೆ ಮೊಬೈಲಿಗೆ ಬಂದಿರುವ ಈ ಕಾಲದಲ್ಲಿ ಯಾರು ಉತ್ತರ ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಸಣ್ಣ ವಿಷಯವಲ್ಲ.

ದೇವನಾರ್‌ನಲ್ಲಿ ದೇಶದ ಲೆಕ್ಕ

ದೇಶದ ಆರೋಗ್ಯದ ಲೆಕ್ಕಪುಸ್ತಕ ಸಿದ್ಧವಾಗುವುದು ದಿಲ್ಲಿಯಲ್ಲಿ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದರ ಮುಖ್ಯ ಭಾಗ ಸಿದ್ಧವಾಗುವುದು ಮುಂಬಯಿಯ ಗೋವಂಡಿ ಸ್ಟೇಶನ್ ರೋಡ್‌ನಲ್ಲಿ. ದೇವನಾರ್‌ನಲ್ಲಿರುವ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 1956ರಲ್ಲಿ ಆರಂಭವಾಯಿತು. ಐಐಪಿಎಸ್ ಎಂದೇ ಪರಿಚಿತವಾದ ಈ ಸಂಸ್ಥೆ ಕೇಂದ್ರ ಆರೋಗ್ಯ ಸಚಿವಾಲಯದ ಪರವಾಗಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನಡೆಸಿಕೊಂಡು ಬಂದಿದೆ. ಮೊದಲ ಸಮೀಕ್ಷೆ 1992-93ರಲ್ಲಿ ನಡೆಯಿತು. ಬಳಿಕ 1998-99, 2005-06, 2015-16ರಲ್ಲಿ ನಡೆದು, ಐದನೆಯದು 2019-21ರ ಅವಧಿಯಲ್ಲಿ ಮುಗಿಯಿತು. ಆರನೆಯದರ ಕ್ಷೇತ್ರಕಾರ್ಯ ನಡೆದದ್ದು 2023-24ರಲ್ಲಿ.

ಐದನೆಯ ಸಮೀಕ್ಷೆಯ ವ್ಯಾಪ್ತಿಯನ್ನು ಗಮನಿಸಬೇಕು. 707 ಜಿಲ್ಲೆಗಳು, 6,36,699 ಕುಟುಂಬಗಳು, 7,24,115 ಮಹಿಳೆಯರು, 1,01,839 ಪುರುಷರು. ಮಧ್ಯದಲ್ಲಿ ಕೊರೊನಾ ಬಂದು ಕೆಲಸ ನಿಂತು ಮತ್ತೆ ಆರಂಭವಾಯಿತು. ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡರ ಕೆಲಸವೂ ಕೊರೊನಾ ಬರುವ ಮೊದಲಿನ ಹಂತದಲ್ಲೇ ಮುಗಿದಿತ್ತು.

ಕೆಲಸದ ಕ್ರಮ ಹೀಗಿದೆ. ಜನಗಣತಿಯ ಪಟ್ಟಿಯಿಂದ ಹಳ್ಳಿಗಳನ್ನೂ ನಗರದ ಗಣತಿ ವಿಭಾಗಗಳನ್ನೂ ಮೊದಲು ಆರಿಸುತ್ತಾರೆ. ಆರಿಸಿದ ಜಾಗದಲ್ಲಿ ಮನೆಮನೆಗೆ ಹೋಗಿ ಎಲ್ಲ ಮನೆಗಳ ಪಟ್ಟಿ ಮಾಡುತ್ತಾರೆ. ಅದರಿಂದ ನಿಯಮ ಪ್ರಕಾರ 22 ಮನೆಗಳನ್ನು ಎತ್ತಿಕೊಳ್ಳುತ್ತಾರೆ. ಪ್ರಶ್ನೆಗಳ ಜೊತೆಗೆ ಎತ್ತರ, ತೂಕ, ರಕ್ತದೊತ್ತಡ, ರಕ್ತದ ಸಕ್ಕರೆಯ ಅಂಶ, ಹಿಮೋಗ್ಲೋಬಿನ್ ಪರೀಕ್ಷೆಯೂ ಇರುತ್ತದೆ. ಆಯ್ಕೆಯಾದ ಮನೆಗೆ ಬೀಗ ಹಾಕಿದ್ದರೆ ಮತ್ತೆ ಬರಬೇಕೇ ಹೊರತು ಪಕ್ಕದ ಮನೆಯವರನ್ನು ಕೇಳಿ ಬರೆದುಕೊಳ್ಳುವಂತಿಲ್ಲ. ಸಂಜೆ ಕ್ಯಾಶ್ ತಾಳೆಯಾಗದಿದ್ದರೆ ಕ್ಯಾಶಿಯರ್ ಪಕ್ಕದ ಕೌಂಟರಿನ ನೋಟು ತೆಗೆದು ಸರಿದೂಗಿಸುವಂತಿಲ್ಲವಲ್ಲ, ಹಾಗೆಯೇ ಇದು. ಕೊರತೆ ಇದ್ದರೆ ಕೊರತೆ ಎಂದೇ ಬರೆಯಬೇಕು.

2011ರ ಜನಗಣತಿಯ ಪ್ರಕಾರ ದೇಶದಲ್ಲಿದ್ದ ಕುಟುಂಬಗಳು 24 ಕೋಟಿಗೂ ಹೆಚ್ಚು. ಆ ಲೆಕ್ಕ ಹಿಡಿದರೆ ಆಯ್ಕೆಯಾದ ಒಂದು ಮನೆ ಸರಾಸರಿ ಸುಮಾರು 400 ಮನೆಗಳ ಪರವಾಗಿ ಮಾತನಾಡುತ್ತದೆ. ಮುಂಬಯಿಯಂಥ ಜನದಟ್ಟಣೆಯ ಜಿಲ್ಲೆಯಲ್ಲಿ ಈ ಸಂಖ್ಯೆ ಇನ್ನೂ ಬಹಳ ಹೆಚ್ಚು. ಇಂಟರ್‌ಕಾಮ್‌ನಲ್ಲಿ "ಬೇಡ" ಎಂದವರು ತಮ್ಮ ಮನೆಯ ಬಾಗಿಲನ್ನು ಮಾತ್ರ ಮುಚ್ಚಿದ್ದಲ್ಲ, ತಮ್ಮಂಥ ಅಷ್ಟೂ ಮನೆಗಳ ಬಾಗಿಲನ್ನು ಮುಚ್ಚಿದಂತಾಯಿತು.

ಈ ಲೆಕ್ಕದಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. 2005-06ರಲ್ಲಿ ದೇಶದ ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದುದು ಸುಮಾರು ಶೇ. 39 ಮಾತ್ರ. 2019-21ಕ್ಕೆ ಅದು ಶೇ. 89ಕ್ಕೆ ಏರಿತು. ಅದೇ ಸಮೀಕ್ಷೆ ಹಿತವಲ್ಲದ ಸಂಗತಿಯನ್ನೂ ಹೇಳಿತು. ರಕ್ತಹೀನತೆಯುಳ್ಳ ಮಹಿಳೆಯರ ಪ್ರಮಾಣ ಶೇ. 53ರಿಂದ 57ಕ್ಕೆ ಏರಿತ್ತು. ಹೆಣ್ಣುಮಕ್ಕಳು ಆಸ್ಪತ್ರೆಗೆ ಬರುತ್ತಿದ್ದಾರೆ, ಆದರೆ ತಟ್ಟೆಯಲ್ಲಿ ಪೌಷ್ಟಿಕ ಆಹಾರ ಸಾಲದು ಎಂಬ ಎರಡು ಮಾತು ಒಟ್ಟಿಗೆ ತಿಳಿದದ್ದು ಮನೆಮನೆಗೆ ಹೋಗಿ ಕೇಳಿ, ಬೆರಳಿನ ಒಂದು ಹನಿ ರಕ್ತ ಪರೀಕ್ಷಿಸಿದ್ದರಿಂದ.

ಒಂದು ಅಗುಳಿನ ನ್ಯಾಯ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎಂಬುದು ಹಿರಿಯರ ಮಾತು. ಸಮೀಕ್ಷೆಯ ಶಾಸ್ತ್ರವೆಲ್ಲ ಈ ಮಾತಿನೊಳಗೇ ಇದೆ ಎನ್ನಬಹುದು. ಆದರೆ ಹೊಟೇಲಿನ ಅಡುಗೆ ಭಟ್ಟರಿಗೆ ಇನ್ನೊಂದು ವಿಷಯವೂ ಗೊತ್ತು. ದೊಡ್ಡ ಹಂಡೆಯ ಅನ್ನದಲ್ಲಿ ಸೌಟು ಆಡಿಸದೆ ಮೇಲಿನ ಅಗುಳನ್ನಷ್ಟೇ ನೋಡಿದರೆ ಮೋಸ ಹೋಗಬಹುದು. ತಳದ್ದು ಬೆಂದು ಮುದ್ದೆಯಾಗಿ, ಮೇಲಿನದು ಇನ್ನೂ ಅಕ್ಕಿಯಾಗಿಯೇ ಉಳಿದಿರುವುದುಂಟು.

ಇದನ್ನು ತಿಳಿಯದೆ ಹೆಸರು ಕಳೆದುಕೊಂಡದ್ದು ಅಮೆರಿಕದ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ. 1936ರ ಅಧ್ಯಕ್ಷೀಯ ಚುನಾವಣೆಯ ಮೊದಲು ಆ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದರು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಫಲಿತಾಂಶ ಬಂದಾಗ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದಿದ್ದರು! ಪತ್ರಿಕೆ ವಿಳಾಸ ಎತ್ತಿಕೊಂಡದ್ದು ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ. ಆ ಬಡತನದ ಕಾಲದಲ್ಲಿ ಫೋನೂ ಕಾರೂ ಇದ್ದವರು ಯಾರು? ಅವರಲ್ಲೂ ಚೀಟಿ ತುಂಬಿ ವಾಪಸು ಕಳಿಸುವಷ್ಟು ಆಸಕ್ತಿ ಇದ್ದವರು ಯಾರು? ಎರಡನ್ನೂ ಪತ್ರಿಕೆ ಯೋಚಿಸಲಿಲ್ಲ. ಅದಕ್ಕಿಂತ ಎಷ್ಟೋ ಪಾಲು ಕಡಿಮೆ ಜನರನ್ನು, ಆದರೆ ಎಲ್ಲ ವರ್ಗದವರನ್ನೂ ಕೇಳಿದ್ದ ಜಾರ್ಜ್ ಗ್ಯಾಲಪ್ ಅವರ ಅಂದಾಜು ಸರಿಯಾಯಿತು. ಲಿಟರರಿ ಡೈಜೆಸ್ಟ್ 1938ರಲ್ಲಿ ಮುಚ್ಚಿಹೋಯಿತು.

ಅಂದು ಟೆಲಿಫೋನ್ ಇದ್ದ ಜಾಗದಲ್ಲಿ ಇಂದು ಸ್ಮಾರ್ಟ್‌ಫೋನ್ ಇದೆ. ಆನ್‌ಲೈನ್ ವೈದ್ಯಕೀಯ ಸಲಹೆ ಜನರಿಗೆ ಒಪ್ಪಿಗೆಯೇ ಎಂದು ವಾಟ್ಸಪ್‌ನಲ್ಲಿ ಫಾರ್ಮ್ ಹರಿಯಬಿಟ್ಟು, ಉತ್ತರಿಸಿದವರಲ್ಲಿ ಬಹುಪಾಲು ಒಪ್ಪಿದ್ದಾರೆ ಎಂದು ಹೇಳುವುದು ಬಹಳ ಸುಲಭ. ಫೋನಿನಲ್ಲಿ ಫಾರ್ಮ್ ತುಂಬಲು ಬಲ್ಲವನಿಗೆ ಫೋನಿನಲ್ಲಿ ಡಾಕ್ಟರರ ಜೊತೆ ಮಾತನಾಡುವುದು ಕಷ್ಟವೇ? ಊರಿನಿಂದ ಬಂದು ಮಗನ ಮನೆಯಲ್ಲಿರುವ ಎಪ್ಪತ್ತೈದರ ತಾಯಿಗೆ ಆ ಫಾರ್ಮ್ ತಲುಪುವುದೇ ಇಲ್ಲ. ಡಾಕ್ಟರರ ಅಗತ್ಯ ಹೆಚ್ಚಾಗಿ ಇರುವುದು ಮಾತ್ರ ಆಕೆಗೇ.

ಮಾತುಂಗಾ, ಚೆಂಬೂರು, ದಹಿಸರ್

ಸರಿಯಾಗಿ ಕೇಳಿದರೆ ಏನು ತಿಳಿಯಬಹುದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2020ರ ಜುಲೈನಲ್ಲಿ ನೀತಿ ಆಯೋಗ, ಬೃಹನ್ಮುಂಬಯಿ ಮಹಾನಗರ ಪಾಲಿಕೆ ಮತ್ತು ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಮುಂಬಯಿಯ ಮೂರು ವಾರ್ಡುಗಳಲ್ಲಿ ರಕ್ತದ ಮಾದರಿ ಸಂಗ್ರಹಿಸಿದವು. ಮಾತುಂಗಾ, ಸಾಯನ್, ವಡಾಲಾ ಸೇರಿದ ಎಫ್ ಉತ್ತರ, ಚೆಂಬೂರು ಕಡೆಯ ಎಂ ಪಶ್ಚಿಮ, ದಹಿಸರ್ ಕಡೆಯ ಆರ್ ಉತ್ತರ ಇವೇ ಆ ವಾರ್ಡುಗಳು. ಮೂರೂ ಕನ್ನಡಿಗರಿಗೆ ಪರಿಚಿತ ಪ್ರದೇಶಗಳೇ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್ ಇರುವ ಭಾವುದಾಜಿ ರಸ್ತೆಯೂ ಎಫ್ ಉತ್ತರ ವಾರ್ಡಿನಲ್ಲೇ ಬರುತ್ತದೆ.

ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಕೊಳೆಗೇರಿಗಳಲ್ಲಿ ಶೇ. 57 ಜನರಲ್ಲಿ, ಉಳಿದ ಕಟ್ಟಡಗಳಲ್ಲಿ ಶೇ. 16 ಜನರಲ್ಲಿ ಕೊರೊನಾದ ಪ್ರತಿಕಾಯಗಳು ಕಂಡುಬಂದವು. ಅಂದರೆ ಆಸ್ಪತ್ರೆಯ ಲೆಕ್ಕಕ್ಕೆ ಬಂದವರಿಗಿಂತ ಎಷ್ಟೋ ಪಾಲು ಹೆಚ್ಚು ಜನರಿಗೆ ಸೋಂಕು ಸದ್ದಿಲ್ಲದೆ ಬಂದು ಹೋಗಿತ್ತು. ಒಂದೇ ವಾರ್ಡ್, ಒಂದೇ ರಸ್ತೆ. ನಡುವೆ ಒಂದು ಕಾಂಪೌಂಡ್ ಗೋಡೆ. ಆ ಗೋಡೆಯ ಈಚೆ ಆಚೆ ರೋಗದ ಗತಿಯೇ ಬೇರೆಯಾಗಿತ್ತು. ಸಾಮೂಹಿಕ ಶೌಚಾಲಯ ಮತ್ತು ಇಕ್ಕಟ್ಟಾದ ವಾಸವೇ ಇದಕ್ಕೆ ಕಾರಣವಿರಬಹುದು ಎಂದು ಅಧ್ಯಯನ ನಡೆಸಿದವರು ಅಭಿಪ್ರಾಯಪಟ್ಟರು.

ಇಲ್ಲೊಂದು ಗಮನಾರ್ಹ ಸಂಗತಿಯಿದೆ. ಸಂಗ್ರಹಿಸಬೇಕೆಂದಿದ್ದ ಮಾದರಿಗಳು 8,870. ಸಿಕ್ಕಿದ್ದು 6,936. ಕಟ್ಟಡಗಳ ನಿವಾಸಿಗಳು ಕೊಳೆಗೇರಿಯವರಷ್ಟು ಸುಲಭವಾಗಿ ಮುಂದೆ ಬರಲಿಲ್ಲ. ಕೊರೊನಾದ ಭಯ ಅಷ್ಟಿದ್ದ ದಿನಗಳಲ್ಲಿ ಹಿಂಜರಿಕೆ ಸಹಜವೇ. ಆದರೂ ಬಾಗಿಲು ತೆರೆದವರ ರಕ್ತದಿಂದ ತಿಳಿದ ವಿಷಯ, ತೆರೆಯದವರಿಗೂ ಉಪಯೋಗವಾಯಿತು ಎಂಬುದನ್ನು ಮರೆಯಲಾಗದು.

ರಾಮನಗರದ ಮಣಿಸರ

ರಕ್ತದ ಹನಿ ಸುಳ್ಳು ಹೇಳುವುದಿಲ್ಲ. ಆದರೆ ಜನರ ಮನೋಭಾವವನ್ನು ಅಳೆಯಲು ಮಾತನ್ನೇ ನಂಬಬೇಕು. ಕಷ್ಟ ಇರುವುದು ಅಲ್ಲಿಯೇ. ಇದಕ್ಕೆ ಹಳೆಯ ಉದಾಹರಣೆಯೊಂದು ಕರ್ನಾಟಕದಲ್ಲೇ ಇದೆ.

ವಿಶ್ವಸಂಸ್ಥೆ ಮತ್ತು ಭಾರತ ಸರಕಾರ ಕೂಡಿ 1950ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿ ದೊಡ್ಡ ಜನಸಂಖ್ಯಾ ಸಮೀಕ್ಷೆ ನಡೆಸಿದವು. ಅದರ ವರದಿ 1961ರಲ್ಲಿ ಪ್ರಕಟವಾಯಿತು. ಎಷ್ಟು ಮಕ್ಕಳು ಬೇಕು, ಮಿತ ಸಂಸಾರದ ವಿಧಾನ ಕಲಿಯಲು ಇಷ್ಟವಿದೆಯೇ ಎಂದೆಲ್ಲ ಮನೆಯವರನ್ನೇ ಕೇಳಿದ ಆರಂಭದ ಸಮೀಕ್ಷೆಗಳಲ್ಲಿ ಇದೂ ಒಂದು. ಅದೇ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿಯೂ ದಿಲ್ಲಿಯ ಲೋಧಿ ಕಾಲೊನಿಯಲ್ಲಿಯೂ ದಿನ ಎಣಿಸುವ ಕ್ರಮದ ಪ್ರಯೋಗ ನಡೆಯಿತು. ಅಕ್ಷರ ಬಾರದ ಹೆಂಗಸರಿಗೆ ಅನುಕೂಲವಾಗಲೆಂದು ಕೆಂಪು, ಹಸಿರು ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಚಿಂತೆಯಿಲ್ಲ, ಕೆಂಪು ಬಂದರೆ ಜಾಗ್ರತೆ.

ಕಲಿಯಲು ಇಷ್ಟವಿದೆಯೇ ಎಂದು ಕೇಳಿದಾಗ ಹೌದೆಂದವರು ಬಹಳ. ಕೊನೆಯವರೆಗೆ ಕ್ರಮ ತಪ್ಪದೆ ಪಾಲಿಸಿದವರು ಕೆಲವೇ ಮಂದಿ. ಹೌದೆಂದವರೆಲ್ಲ ಸುಳ್ಳು ಹೇಳಿದರು ಎಂದಲ್ಲ. ಇಷ್ಟವಿದೆ ಎನ್ನುವುದಕ್ಕೂ, ತುಂಬಿದ ಮನೆಯಲ್ಲಿ ಅತ್ತೆ, ನಾದಿನಿಯರ ನಡುವೆ ದಿನಾಲೂ ಮಣಿ ಸರಿಸುವುದಕ್ಕೂ ಇರುವ ಅಂತರವನ್ನು ಪ್ರಶ್ನೆ ಕೇಳಿದವರು ಅಳೆದಿರಲಿಲ್ಲ.

ಪಂಜಾಬಿನಲ್ಲಿ ಇದೇ ಕಥೆ ಇನ್ನೊಂದು ರೂಪದಲ್ಲಿ ನಡೆಯಿತು. ಖನ್ನಾ ಅಧ್ಯಯನ ಎಂದು ಹೆಸರಾದ ಪ್ರಯೋಗದಲ್ಲಿ ಹಳ್ಳಿಯವರು ಗರ್ಭನಿರೋಧಕ ಮಾತ್ರೆಗಳನ್ನು ಬೇಡವೆನ್ನದೆ ಪಡೆದುಕೊಂಡರು. ವರ್ಷಗಳ ನಂತರ ಮಹಮೂದ್ ಮಮ್ದಾನಿ ಎಂಬ ವಿದ್ವಾಂಸರು ಮನುಪುರ ಎಂಬ ಹಳ್ಳಿಗೆ ಹೋಗಿ ವಿಚಾರಿಸಿದಾಗ, ಅನೇಕರು ಮಾತ್ರೆಗಳನ್ನು ಬಳಸಿಯೇ ಇರಲಿಲ್ಲ ಎಂಬುದು ತಿಳಿಯಿತು. ದೂರದಿಂದ ಬಂದ ಸಭ್ಯ ಜನರ ಮನಸ್ಸು ನೋಯಿಸಬಾರದೆಂದು ಪಡೆದುಕೊಂಡಿದ್ದರು ಅಷ್ಟೆ. ಮಮ್ದಾನಿಯವರ ಪುಸ್ತಕ ಬಂದದ್ದು 1972ರಲ್ಲಿ. ಹೊಲದಲ್ಲಿ ದುಡಿಯುವ ಕುಟುಂಬಕ್ಕೆ ಮಕ್ಕಳೇ ಆಸ್ತಿಯಾಗಿದ್ದಾಗ ಮಾತ್ರೆ ಯಾಕೆ ಬೇಕು ಎಂಬುದನ್ನು ಮೊದಲು ಯಾರೂ ಕೇಳಿರಲಿಲ್ಲ.

ಮನೆಗೆ ಬಂದವರಿಗೆ "ಇಲ್ಲ" ಎನ್ನಬಾರದು ಎಂಬ ಸಂಸ್ಕಾರ ಕನ್ನಡಿಗರಲ್ಲೂ ಇದೆ. ಹಾಗಾಗಿ "ಡಿಜಿಟಲ್ ಆರೋಗ್ಯ ಸೇವೆ ಒಳ್ಳೆಯದೇ?" ಎಂದು ಕೇಳಿದರೆ ಬರುವ "ಒಳ್ಳೆಯದು" ಎಂಬ ಉತ್ತರಕ್ಕೆ ಬೆಲೆ ಕಡಿಮೆ. ಕೇಳಬೇಕಾದ್ದು ಬೇರೆ. ಕಳೆದ ಬಾರಿ ಜ್ವರ ಬಂದಾಗ ಎಲ್ಲಿಗೆ ಹೋದಿರಿ? ಫೋನಿನಲ್ಲಿ ಡಾಕ್ಟರರ ಜೊತೆ ಮಾತನಾಡಿದ್ದು ನೀವೇ, ಅಥವಾ ಮಗನೇ? ಬರೆದುಕೊಟ್ಟ ಔಷಧ ಓದಲು ಬಂತೇ? ಅಭಿಪ್ರಾಯವನ್ನು ಕೇಳುವುದಕ್ಕಿಂತ ನಡೆದದ್ದನ್ನು ಕೇಳಿದರೆ ಸತ್ಯಕ್ಕೆ ಹತ್ತಿರವಾದ ಉತ್ತರ ಸಿಗುತ್ತದೆ.

ನಡೆದದ್ದನ್ನು ಕೇಳಿದಾಗಲೂ ಎಚ್ಚರ ಬೇಕು ಎಂದವರು ಅಮರ್ತ್ಯ ಸೇನ್. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನದಲ್ಲಿ ಅವರು ಕೇರಳ ಮತ್ತು ಬಿಹಾರವನ್ನು ಹೋಲಿಸಿದರು. ಆಯುಷ್ಯ ಹೆಚ್ಚಿರುವ ಕೇರಳದಲ್ಲಿ ತಮಗೆ ಕಾಯಿಲೆ ಇದೆ ಎನ್ನುವವರೂ ಹೆಚ್ಚು. ಆಯುಷ್ಯ ಕಡಿಮೆಯಿರುವ ಬಿಹಾರದಲ್ಲಿ ಹಾಗೆನ್ನುವವರು ಕಡಿಮೆ. ಓದು, ಆಸ್ಪತ್ರೆ ಎರಡೂ ಹತ್ತಿರವಿರುವಲ್ಲಿ ಕಾಯಿಲೆ ಗೊತ್ತಾಗುತ್ತದೆ. ಇಲ್ಲದಲ್ಲಿ ನೋವೂ ದಿನಚರಿಯ ಭಾಗವಾಗಿಬಿಡುತ್ತದೆ. "ನನಗೇನಾಗಿದೆ, ಗಟ್ಟಿಮುಟ್ಟಾಗಿದ್ದೇನೆ" ಎನ್ನುವ ಹಿರಿಯರ ಉತ್ತರದ ಜೊತೆಗೆ ರಕ್ತದೊತ್ತಡದ ಪಟ್ಟಿಯನ್ನೂ ಕಟ್ಟಿ ನೋಡುವುದು ಇದಕ್ಕಾಗಿಯೇ.

ಮೊಬೈಲ್ ಯಾರ ಕೈಯಲ್ಲಿ?

ಕಳೆದ ಕೆಲವು ವರ್ಷಗಳಲ್ಲಿ ಆರೋಗ್ಯ ಸೇವೆ ವೇಗವಾಗಿ ಡಿಜಿಟಲ್ ಆಗಿದೆ. ಸರಕಾರದ ಇ-ಸಂಜೀವನಿ ಸೇವೆ 2019ರಲ್ಲಿ ಆರಂಭವಾಯಿತು. ಫೋನ್, ವೀಡಿಯೋ ಮೂಲಕ ವೈದ್ಯರು ಸಲಹೆ ನೀಡಲು ಸ್ಪಷ್ಟ ನಿಯಮಾವಳಿ ಬಂದದ್ದು 2020ರ ಮಾರ್ಚ್ 25ರಂದು. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಚಾಲನೆಗೊಂಡಿತು. ಅದರಡಿ ಪ್ರತಿಯೊಬ್ಬರೂ ಆಭಾ ಎಂಬ 14 ಅಂಕಿಗಳ ಆರೋಗ್ಯ ಸಂಖ್ಯೆ ಪಡೆದು ತಮ್ಮ ವೈದ್ಯಕೀಯ ದಾಖಲೆಗಳನ್ನು ಜೋಡಿಸಿಕೊಳ್ಳಬಹುದು. ಇದು ಕಡ್ಡಾಯವಲ್ಲ, ಐಚ್ಛಿಕ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾನೂನನ್ನೂ ಅಂಗೀಕರಿಸಿತು.

ಇವೆಲ್ಲ ಒಳ್ಳೆಯ ಬೆಳವಣಿಗೆಗಳೇ. ಊರಿನಲ್ಲಿರುವ ತಂದೆಯ ರಿಪೋರ್ಟನ್ನು ಮುಂಬಯಿಯ ಮಗ ಫೋನಿನಲ್ಲಿ ನೋಡುವಂತಾದರೆ ಅದಕ್ಕಿಂತ ದೊಡ್ಡ ಅನುಕೂಲ ಬೇರೇನಿದೆ? ಆದರೆ ಪೋರ್ಟಲ್ ಎಣಿಸುವುದು ತನ್ನ ಬಳಿಗೆ ಬಂದವರನ್ನು ಮಾತ್ರ. ಬರಲಾಗದವರನ್ನು ಎಣಿಸಬೇಕಾದರೆ ಯಾರಾದರೂ ಹೋಗಿ ಅವರ ಬಾಗಿಲು ತಟ್ಟಲೇಬೇಕು.

ಹಾಗೆ ಬಾಗಿಲು ತಟ್ಟಿದ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ್ದೇನು? ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಶೇ. 54. ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಪುರುಷರು ಶೇ. 57, ಮಹಿಳೆಯರು ಶೇ. 33. ಹಳ್ಳಿಯ ಮಹಿಳೆಯರಲ್ಲಿ ಇದು ಕಾಲು ಭಾಗ ಮಾತ್ರ. ಸಮೀಕ್ಷೆ ನಡೆದು ಕೆಲವು ವರ್ಷಗಳಾಗಿವೆ, ಅಂಕಿಗಳು ಏರಿರುವುದು ಸಹಜ. ಆದರೆ ಆ ಹೊತ್ತಿನಲ್ಲಿ ಮನೆಯಲ್ಲಿ ಫೋನ್ ಇದೆ ಎನ್ನುವುದಕ್ಕೂ ಮನೆಯಾಕೆಯ ಕೈಯಲ್ಲಿ ಫೋನ್ ಇದೆ ಎನ್ನುವುದಕ್ಕೂ ಎಷ್ಟು ಅಂತರವಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಈ ಅಂತರ ಬರೀ ಉಪಕರಣದ್ದಲ್ಲ. ಒಟಿಪಿ ಹೋಗುವುದು ಗಂಡನ ಅಥವಾ ಮಗನ ಫೋನಿಗೆ ಎಂದಾದರೆ, ಹೆಣ್ಣುಮಕ್ಕಳ ಖಾಸಗಿ ಕಾಯಿಲೆ, ಮನಸ್ಸಿನ ಬೇಗುದಿ ಎಲ್ಲವೂ ಅದೇ ಫೋನಿನಲ್ಲಿ ಕಾಣುತ್ತದೆ. ಅಂಥ ಹೆಂಗಸು "ನನಗೆ ಆ್ಯಪ್ ಬೇಡ" ಎಂದರೆ ಆಕೆಗೆ ತಂತ್ರಜ್ಞಾನದ ಭಯ ಎಂದು ಬರೆದುಕೊಳ್ಳುವುದು ತಪ್ಪು. ಕುಟುಂಬ ಆರೋಗ್ಯ ಸಮೀಕ್ಷೆಯವರಿಗೆ ಈ ಸೂಕ್ಷ್ಮ ಗೊತ್ತಿದೆ. ಮನೆಯೊಳಗಿನ ಹಿಂಸೆಯ ಬಗೆಗಿನ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಮಹಿಳೆಗೆ ಮಾತ್ರ, ಅದೂ ಬೇರೆ ಯಾರೂ ಕೇಳಿಸಿಕೊಳ್ಳದಂಥ ಏಕಾಂತ ಸಿಕ್ಕಿದರೆ ಮಾತ್ರ ಕೇಳಬೇಕೆಂಬುದು ಅವರ ನಿಯಮ. ಏಕಾಂತ ಸಿಗದಿದ್ದರೆ ಪ್ರಶ್ನೆ ಬಿಟ್ಟುಬಿಡುತ್ತಾರೆ. ಆರೋಗ್ಯದ ಆ್ಯಪ್ ಸಿದ್ಧಪಡಿಸುವವರೂ ಈ ಪಾಠವನ್ನು ಕಲಿಯುವುದು ಒಳಿತು.

ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ ಅಂಕಿ

ಸಮೀಕ್ಷೆಯ ವರದಿಗಳು ಕಪಾಟಿನಲ್ಲಿ ಧೂಳು ತಿನ್ನುತ್ತವೆ ಎಂಬ ಮಾತು ಸಾಮಾನ್ಯ. 2021ರಲ್ಲಿ ಹಾಗಾಗಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರಿಗೆ ಕೊರೊನಾ ಲಸಿಕೆ ಆರಂಭವಾದಾಗ ಕೋವಿನ್ ಪೋರ್ಟಲ್‌ನಲ್ಲಿ ಮೊದಲೇ ಹೆಸರು ನೋಂದಾಯಿಸುವುದು ಕಡ್ಡಾಯವಾಗಿತ್ತು. ಬೆರಳಿನ ವೇಗ ಇದ್ದವರಿಗೆ ಸ್ಲಾಟ್, ಇಲ್ಲದವರಿಗೆ ಕಾಯುವಿಕೆ. ಹೊಟೇಲಿನ ಕಾರ್ಮಿಕರು, ಮನೆಗೆಲಸದವರು ಇನ್ನೊಬ್ಬರ ಫೋನಿಗೆ ಕಾದು ಕೂತರು. ಪೋರ್ಟಲ್ ಆಗ ಇಂಗ್ಲಿಷ್‌ನಲ್ಲಿ ಮಾತ್ರ ಇತ್ತು.

ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. 2021ರ ಮೇ 31ರ ಆದೇಶದಲ್ಲಿ ನ್ಯಾಯಾಲಯ ಡಿಜಿಟಲ್ ಅಂತರವನ್ನು ಎತ್ತಿ ತೋರಿಸುವಾಗ ಆಧಾರವಾಗಿ ಬಳಸಿದ್ದರಲ್ಲಿ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳೂ ಇದ್ದವು. ಗ್ರಾಮೀಣ ಪ್ರದೇಶದಲ್ಲಿ ಸುಮಾರು ಶೇ. 4, ನಗರಗಳಲ್ಲಿ ಶೇ. 23 ಕುಟುಂಬಗಳಲ್ಲಿ ಮಾತ್ರ ಕಂಪ್ಯೂಟರ್ ಇದೆ ಎಂದು ಆ ಸಮೀಕ್ಷೆ ಹೇಳಿತ್ತು. ಜೂನ್ ಆರಂಭದಲ್ಲಿ ಕೋವಿನ್ ಕನ್ನಡ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಲಭ್ಯವಾಯಿತು. ಜೂನ್ 21ರಿಂದ ನೇರವಾಗಿ ಕೇಂದ್ರಕ್ಕೆ ಹೋಗಿ ಲಸಿಕೆ ಪಡೆಯುವ ಅವಕಾಶ ಎಲ್ಲರಿಗೂ ದೊರೆಯಿತು.

ಆ ಮಾದರಿ ಸಮೀಕ್ಷೆಗೆ 2017-18ರಲ್ಲಿ ಉತ್ತರ ಕೊಟ್ಟವರಿಗೆ ಕೊರೊನಾ ಎಂಬ ಹೆಸರೂ ಗೊತ್ತಿರಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇಂಟರ್ನೆಟ್ ಇಲ್ಲ ಎಂದು ಅವರು ಅಂದು ಹೇಳಿದ ಸಾದಾ ಮಾತು ಮೂರು ವರ್ಷಗಳ ನಂತರ ಬಡವರ ಪರವಾಗಿ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಂತಿತು!

ಲೆಕ್ಕಕ್ಕೆ ಸಿಗದ ವಲಸಿಗರು

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಎಲ್ಲಿಯೇ ಇರಲಿ, ವಲಸೆ ಬಂದವರನ್ನು ಲೆಕ್ಕಕ್ಕೆ ಹಿಡಿಯುವುದು ಕಷ್ಟದ ಕೆಲಸ. ಮನೆಯನ್ನು ಆಧರಿಸಿದ ಸಮೀಕ್ಷೆಯಲ್ಲಿ ಹೊಟೇಲಿನ ಮೇಲಟ್ಟದಲ್ಲಿ ಮಲಗುವ ಹುಡುಗ, ಪಾಳಿಯಲ್ಲಿ ಕೋಣೆ ಹಂಚಿಕೊಂಡ ಐವರು ಕಾರ್ಮಿಕರು ಸುಲಭವಾಗಿ ತಪ್ಪಿಹೋಗುತ್ತಾರೆ. ಊರಿನ ಮನೆಯಲ್ಲಿ ಕೇಳಿದರೆ "ಅವನು ಬೊಂಬಾಯಿಯಲ್ಲಿದ್ದಾನೆ" ಎನ್ನುತ್ತಾರೆ. ಮುಂಬಯಿಯಲ್ಲಿ ಕೇಳಲು ಅವನಿಗೆ ಮನೆಯೇ ಇರುವುದಿಲ್ಲ. ಆರು ತಿಂಗಳು ಊರಿನಲ್ಲಿ, ಆರು ತಿಂಗಳು ಮಕ್ಕಳ ಮನೆಯಲ್ಲಿ ಇರುವ ಹಿರಿಯರ ಕಥೆಯೂ ಹೀಗೆಯೇ.

ಭಾಷೆಯೂ ಅಡ್ಡಿಯಾಗಬಹುದು. ಐದನೆಯ ಸಮೀಕ್ಷೆಯ ಪ್ರಶ್ನಾವಳಿ 18 ಭಾಷೆಗಳಲ್ಲಿ ಇತ್ತು. ಆದರೂ ಮನೆಯಲ್ಲಿ ತುಳು ಅಥವಾ ಕನ್ನಡ ಮಾತನಾಡುವ ಅಜ್ಜಿಗೆ ಮರಾಠಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಕೊಡುವುದು ಸೊಸೆ. ಅಜ್ಜಿಯ ಮಂಡಿನೋವು ಸೊಸೆಯ ಬಾಯಲ್ಲಿ "ಸ್ವಲ್ಪ ಇದೆ" ಎಂದಾಗುತ್ತದೆ. ಪಕ್ಕದಲ್ಲಿ ಕೂತು ಅನುವಾದಿಸುವವರು ಅಜ್ಜಿ ಹೇಳಿದ್ದನ್ನು ಹಾಗೆಯೇ ಹೇಳುವುದು ಒಂದು ದೊಡ್ಡ ಉಪಕಾರ.

ಇಲ್ಲಿ ಸಂಘ ಸಂಸ್ಥೆಗಳಿಗೂ ಕೆಲಸವಿದೆ. ಅನೇಕ ಕನ್ನಡ, ತುಳು ಸಂಘಗಳು ವರ್ಷವೂ ಉಚಿತ ವೈದ್ಯಕೀಯ ಶಿಬಿರ ನಡೆಸುತ್ತವೆ. ಶ್ಲಾಘನೀಯ ಕಾರ್ಯ. ಆದರೆ ಶಿಬಿರಕ್ಕೆ ಬಂದವರ ಲೆಕ್ಕದಿಂದ ಸಮಾಜದ ಆರೋಗ್ಯ ತಿಳಿಯದು. ನಡೆಯಲಾಗದವರು, ರಜೆ ಸಿಗದವರು, ಆಮಂತ್ರಣ ತಲುಪದವರು ಶಿಬಿರಕ್ಕೆ ಬರುವುದಿಲ್ಲ. ಸದಸ್ಯರ ಪಟ್ಟಿಯಿಂದ ಚೀಟಿ ಎತ್ತಿ ಐವತ್ತು ಮನೆಗಳನ್ನು ಆರಿಸಿ, ಮಹಿಳಾ ವಿಭಾಗದವರು ಆ ಮನೆಗಳಿಗೇ ಹೋಗಿ, ಮನೆಯ ಹಿರಿಯರನ್ನೂ ಹೆಂಗಸರನ್ನೂ ಬೇರೆ ಬೇರೆಯಾಗಿ ಮಾತನಾಡಿಸಿದರೆ ಮುಂದಿನ ಶಿಬಿರದಲ್ಲಿ ಕಣ್ಣಿನ ಡಾಕ್ಟರ್ ಬೇಕೋ, ಮೊಬೈಲ್ ಕಲಿಸುವ ಹುಡುಗರು ಬೇಕೋ ಎಂಬುದು ಸ್ಪಷ್ಟವಾದೀತು. ಚೀಟಿಯಲ್ಲಿ ಬಂದ ಮನೆ ದೂರವೆಂದು ಬಿಟ್ಟು ಹತ್ತಿರದ ಮನೆಗೆ ಹೋದರೆ ಮಾತ್ರ ಮಾಡಿದ ಕೆಲಸವೆಲ್ಲ ವ್ಯರ್ಥ.

ತೆರೆಯುವ ಮುನ್ನ ಎಚ್ಚರ, ತೆರೆದ ಮೇಲೆ ವಿಶ್ವಾಸ

ಬಾಗಿಲು ತೆರೆಯಲು ಜನ ಹೆದರುವುದರಲ್ಲಿ ಅರ್ಥವಿಲ್ಲದಿಲ್ಲ. ಸಮೀಕ್ಷೆಯ ಹೆಸರು ಹೇಳಿ ವಂಚಿಸುವವರೂ ಇರಬಹುದು. ಆದರೆ ನಿಜವಾದ ಸಮೀಕ್ಷೆಯನ್ನು ಗುರುತಿಸುವುದು ಕಷ್ಟವಲ್ಲ. ಬಂದವರ ಬಳಿ ಗುರುತು ಚೀಟಿ ಮತ್ತು ಅಧಿಕೃತ ಪತ್ರ ಇರುತ್ತದೆ. ಯಾಕೆ ಕೇಳುತ್ತಿದ್ದೇವೆ ಎಂದು ವಿವರಿಸಿ, ಒಪ್ಪಿಗೆ ಪಡೆದೇ ಆರಂಭಿಸುತ್ತಾರೆ. ಇಷ್ಟವಿಲ್ಲದ ಪ್ರಶ್ನೆಗೆ ಉತ್ತರಿಸದಿರಬಹುದು, ನಡುವೆ ನಿಲ್ಲಿಸಲೂಬಹುದು. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಯಲ್ಲಿ ಯಾರಿಗಾದರೂ ಬ್ಯಾಂಕ್ ಖಾತೆ ಇದೆಯೇ ಎಂಬ ಪ್ರಶ್ನೆ ಇದೆ. ಖಾತೆಯ ಸಂಖ್ಯೆ ಕೇಳುವುದಿಲ್ಲ. ಒಟಿಪಿ, ಪಿನ್, ಕಾರ್ಡ್ ನಂಬರ್ ಕೇಳುವವರು ಸಮೀಕ್ಷೆಯವರಲ್ಲ. ಫೋನಿಗೆ ಲಿಂಕ್ ಕಳಿಸಿ ಆ್ಯಪ್ ಹಾಕಿಕೊಳ್ಳಿ ಎನ್ನುವವರಿಗೆ ಬಾಗಿಲನ್ನೂ ತೆರೆಯಬಾರದು, ಫೋನನ್ನೂ ಕೊಡಬಾರದು.

ಸೊಸೈಟಿಯ ಕಾರ್ಯದರ್ಶಿ ಪತ್ರ ಪರಿಶೀಲಿಸಿ, ನೋಟೀಸ್ ಬೋರ್ಡಿನಲ್ಲಿ ನಾಲ್ಕು ಸಾಲು ಬರೆದು ಹಾಕಿದರೆ ಅರ್ಧ ಅನುಮಾನ ಕಳೆಯುತ್ತದೆ. ಉಳಿದರ್ಧ ಮನೆಯವರ ಕೈಯಲ್ಲಿದೆ.

ಮುಂದಿನ ಬಾರಿ ಗೇಟಿನಲ್ಲಿ ಆ ಇಬ್ಬರು ಹೆಣ್ಣುಮಕ್ಕಳು ನಿಂತಾಗ ಇಂಟರ್‌ಕಾಮ್ ಬಾರಿಸುತ್ತದೆ. ಪಟ್ಟಿಯಲ್ಲಿ ಬಂದ ಮನೆ ಅದೊಂದೇ. ಬದಲಿಗೆ ಇನ್ನೊಂದು ಮನೆ ಇಲ್ಲ. ಗುರುತು ಚೀಟಿ ನೋಡಿ, ಕೂರಿಸಿ, ಒಂದು ಲೋಟ ನೀರು ಕೊಟ್ಟು, ಒಳಗಿನ ಕೋಣೆಯಲ್ಲಿರುವ ಅಜ್ಜಿಯನ್ನೂ ಕರೆಯಬೇಕು. ಉತ್ತರ ಆಕೆಯೇ ಕೊಡಲಿ.